ಆದಿರಾಜಣ್ಣನ ಕಾರಿಗೆ ಪವರ್ ಬ್ರೇಕ್

ಇವತ್ತು ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಒಂದು ಲಾರಿ ನನ್ನ ಮೂಗಿನ ಎದುರೇ ಬಂದು ನಿಂತಿತು. ಘಟ್ಟ ಇಳಿದು ಬಂದದ್ದಿರಬೇಕು. ಹಿಂದಿನ ಚಕ್ರದಿಂದ ಸಣ್ಣಗೆ ಹೊಗೆ, ಜೊತೆಗೆ ಆ ವಾಸನೆ. ಬ್ರೇಕಿನ ಪಟ್ಟಿ ಕಾದು ಕರಟುವ ವಾಸನೆ ನಿಮಗೆ ಗೊತ್ತುಂಟೋ ಇಲ್ಲವೋ, ಗೇರುಬೀಜದ ಸಿಪ್ಪೆಗೆ ಬೆಂಕಿ ಬಿದ್ದ ಹಾಗೆ ಗಂಟಲಿಗೆ ಹಿಡಿಯುವಂಥದ್ದು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ಬಸಳೆಯ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ. ಮನೆಯವಳು ಬಸಳೆ ತರಲಿಕ್ಕೆ ಕಳಿಸಿದ್ದಳು. ಅದನ್ನು ಮನೆಗೆ ಮುಟ್ಟಿಸಿದೆ, ಆದರೆ ಮಧ್ಯಾಹ್ನ ಊಟಕ್ಕೆ ಕೂತವನು ಎರಡು ತುತ್ತಿಗೇ ಎದ್ದೆ. ಕೈ ತೊಳೆದು ಮೂಡುಬಿದಿರೆಯ ಬಸ್ಸು ಹತ್ತಿದೆ. ಈಗಷ್ಟೇ ವಾಪಸು ಬಂದಿದ್ದೇನೆ. ಯಾಕೆ ಹೋದೆ, ಅಲ್ಲಿ ಏನಾಯಿತು ಎಂದು ಹೇಳಬೇಕಾದರೆ ಮೊದಲು ಆದಿರಾಜಣ್ಣನನ್ನು ನಿಮಗೆ ಪರಿಚಯ ಮಾಡಿಸಬೇಕು.

ಅದಕ್ಕೂ ಮೊದಲು ನನ್ನದೊಂದು ಮಾತು. ನನ್ನದು ಬಂಟ್ವಾಳದಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ಮೂವತ್ತು ಚಿಲ್ಲರೆ ವರ್ಷ ಬ್ರೇಕಿನ ಸಾಮಾನು ಮಾರಿದ್ದೇನೆ, ಒಂದು ದಿನವೂ ಕಾರಿನ ಅಡಿಗೆ ಮಲಗಿದವನಲ್ಲ. ಪ್ರಾಯದಲ್ಲಿ ಅಂಗಿ ಕೊಳೆಯಾಗುವ ನಾಚಿಕೆ, ಆಮೇಲೆ ಹೊಟ್ಟೆ ಅಡ್ಡ ಬಂತು. ಆದರೆ ಸಲಹೆ ಕೊಡಲಿಕ್ಕೆ ಹೊಟ್ಟೆ ಅಡ್ಡ ಬರುವುದಿಲ್ಲವಲ್ಲ. ಅಂಗಡಿಗೆ ಬಂದವರಿಗೆಲ್ಲ ಕೌಂಟರಿನ ಈಚೆಯಿಂದಲೇ ರೋಗ ಹೇಳಿ ಮದ್ದು ಕೊಟ್ಟು ಕಳಿಸುತ್ತಿದ್ದೆ. ಕೆಲವರ ಕಾರು ಸರಿಯೂ ಆಗಿದೆ.

ಆದಿರಾಜಣ್ಣ ಮೂಡುಬಿದಿರೆಯ ಕಡೆಯ ಜೈನರು. ಪೇಟೆ ದಾಟಿ ಒಂದೆರಡು ಮೈಲು ಹೋದರೆ ಅವರ ಮನೆ. ಕೊಬ್ಬರಿಯ ವ್ಯಾಪಾರ ಮಾಡುತ್ತಿದ್ದರು. ನನಗಿಂತ ಆರು ವರ್ಷ ದೊಡ್ಡವರು. ನಾನು ಅಂಗಡಿ ತೆರೆದ ಹೊಸತರಲ್ಲಿ ಬ್ರೇಕ್ ಶೂ ಕೇಳಿಕೊಂಡು ಬಂದವರು, ಅದು ಸಿಕ್ಕಿದ ಮೇಲೂ ಸ್ಟೂಲಿನಿಂದ ಏಳಲಿಲ್ಲ. ಅಲ್ಲಿಂದ ಮತ್ತೆ ತಿಂಗಳಿಗೆರಡು ಸಲ ಬಂದು, ಅದೇ ಸ್ಟೂಲಿನಲ್ಲಿ ಕೂತು, ನನ್ನ ಪೇಪರು ಓದಿ, ನನ್ನ ಸಾಮಾನಿಗೆಲ್ಲ ಹೆಸರಿಟ್ಟು ಹೋಗುವುದು ಅವರ ಅಭ್ಯಾಸವಾಯಿತು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ಮಾತಿನ ಖಾರ ಸ್ವಲ್ಪ ಕಡಿಮೆಯಾಗಬಹುದು, ನೀವು ಸೇರಿಸಿಕೊಳ್ಳಿ.

ಅವರದ್ದು ಕೆನೆ ಬಣ್ಣದ ಹಳೆಯ ಅಂಬಾಸಿಡರ್, ಅವರ ಅಪ್ಪನ ಕಾಲದ್ದು. ಆ ಕಾರಿನಲ್ಲಿ ಬ್ರೇಕ್ ಅಂದರೆ ಬರೀ ಕಾಲಿನ ಬಲ. ಈಗಿನ ಕಾರುಗಳ ಹಾಗೆ ಹೆಬ್ಬೆರಳು ಮುಟ್ಟಿಸಿದರೆ ನಿಲ್ಲುವಂಥದ್ದಲ್ಲ, ಎದುರಿಗೆ ದನ ಬಂದರೆ ಸೀಟಿನಿಂದ ಅರ್ಧ ಎದ್ದು ತುಳಿಯಬೇಕು. ಅದನ್ನು ಬೇರೆ ಯಾರೂ ಓಡಿಸಲಿಕ್ಕಿಲ್ಲ. ಓಡಿಸುವಾಗ ಚಪ್ಪಲಿ ಹಾಕಲಿಕ್ಕಿಲ್ಲ. ಕಳಚಿ ಸೀಟಿನ ಅಡಿಯಲ್ಲಿಟ್ಟು ಬರಿಗಾಲಲ್ಲಿ ಕೂರುತ್ತಿದ್ದರು. ಮತ್ತೆ, ಎಲ್ಲಿಗೇ ಹೋಗಲಿ, ಸೂರ್ಯ ಮುಳುಗುವ ಮೊದಲು ಮನೆಗೆ ಮುಟ್ಟಬೇಕು. ಹೊತ್ತು ಕಂತಿದ ಮೇಲೆ ಅವರು ಊಟ ಮಾಡುವವರಲ್ಲ. ಮದುವೆ ಮನೆಯಾಗಲಿ, ನನ್ನ ಅಂಗಡಿಯಾಗಲಿ, ಐದು ಗಂಟೆಯಾಯಿತೆಂದರೆ ಮಾತಿನ ಮಧ್ಯದಲ್ಲೇ ಎದ್ದು ಹೋಗುವರು. ಒಮ್ಮೆ ನಾನು ಹೇಳುತ್ತಿದ್ದ ಕತೆಯಲ್ಲಿ ಇನ್ನೇನು ಕಳ್ಳ ಸಿಕ್ಕಿಬೀಳಬೇಕು, ಅಷ್ಟರಲ್ಲಿ ಎದ್ದು ಹೋದರು. ಎರಡು ವಾರ ಬಿಟ್ಟು ಬಂದು, ಸ್ಟೂಲು ಎಳೆದು, "ಮತ್ತೆ ಆ ಕಳ್ಳ ಎಂತಾದ?" ಅಂತ ಕೇಳಿದರು. ಅಷ್ಟರಲ್ಲಿ ನನಗೇ ಕಳ್ಳ ಮರೆತುಹೋಗಿದ್ದ.

ಆದಿತ್ಯವಾರ ಮಾತ್ರ ಅವರು ಯಾರ ಕೈಗೂ ಸಿಗುತ್ತಿರಲಿಲ್ಲ. ಅವತ್ತು ನೆರಿಯಕ್ಕೆ ಹೋಗುವ ದಿನ. ಅವರ ಅಕ್ಕನನ್ನು ಅಲ್ಲಿಗೆ ಮದುವೆ ಮಾಡಿ ಕೊಟ್ಟಿತ್ತು. ತಾಯಿ ಬೇಗ ತೀರಿಕೊಂಡದ್ದರಿಂದ ಆದಿರಾಜಣ್ಣನನ್ನು ಸಾಕಿದವಳು ಈ ಅಕ್ಕನೇ. ಅವಳ ಗಂಡನಿಗೆ ಪಕ್ಷವಾತ ಹೊಡೆದು ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು, ಒಂಬತ್ತು ವರ್ಷವೂ ತಿನ್ನಿಸಿ, ಮೀಯಿಸಿ ನೋಡಿಕೊಂಡವಳು ಅವಳು. ಭಾವ ತೀರಿಹೋದ ಮೇಲೆ ಆದಿರಾಜಣ್ಣ ಶುರು ಮಾಡಿದ್ದು ಈ ಆದಿತ್ಯವಾರದ ಪ್ರಯಾಣ. ಬೆಳಿಗ್ಗೆ ಬಸದಿಗೆ ಕೈಮುಗಿದು ಹೊರಟರೆ ಮಧ್ಯಾಹ್ನದೊಳಗೆ ನೆರಿಯ. ಅಕ್ಕನ ಕೈಯ ಊಟ, ಅಕ್ಕನ ಬಾಯಿಯ ಬೈಗಳು, ಎರಡನ್ನೂ ಹೊಟ್ಟೆ ತುಂಬ ಉಂಡು ಹೊತ್ತು ಮುಳುಗುವ ಮೊದಲು ಮನೆಗೆ. ಒಂದು ಆದಿತ್ಯವಾರ ತಪ್ಪಿದರೆ ಅಕ್ಕ ಮೂರು ದಿನ ಫೋನಿಗೆ ಬರುತ್ತಿರಲಿಲ್ಲವಂತೆ. ಎಪ್ಪತ್ತು ದಾಟಿದ ಈ ಮನುಷ್ಯ ಅದನ್ನು ನನ್ನಲ್ಲಿ ಹೇಳುವಾಗ ಶಾಲೆಯ ಮಗುವಿನ ಹಾಗೆ ಹೆದರಿಕೊಂಡು ಹೇಳುತ್ತಿದ್ದರು.

ಹೋದ ವರ್ಷದ ಆರಂಭದಲ್ಲಿ ಆದಿರಾಜಣ್ಣನಿಗೂ ಅದೇ ಪಕ್ಷವಾತ ಹೊಡೆಯಿತು. ಬಲಗಡೆಗೆ. ಬಾಯಿ ತಿಂಗಳೊಳಗೆ ನೆಟ್ಟಗಾಯಿತು, ಕೈಯೂ ಬಂತು. ಕಾಲು ಬರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ನೆರಿಯದಿಂದ ಫೋನು. ಅವರ ಹೆಂಡತಿ ಸುನಂದಕ್ಕ ಎತ್ತಿದರು. ಒಂಬತ್ತು ವರ್ಷ ಆ ರೋಗವನ್ನು ನೋಡಿದವಳ ಹತ್ತಿರ ಆ ಹೆಸರು ಹೇಳುವುದು ಹೇಗೆ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ಕಾರಿನ ಬ್ರೇಕ್ ಹಾಳಾಗಿದೆ ಅತ್ತಿಗೆ. ಗ್ಯಾರೇಜಿನಲ್ಲುಂಟು. ಇವರು ಅಲ್ಲಿಗೇ ಹೋಗಿದ್ದಾರೆ, ಫೋನ್ ಇಲ್ಲೇ ಬಿಟ್ಟು."

ಸುನಂದಕ್ಕನನ್ನು ನಾನು ತಪ್ಪು ಹೇಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇಂಜಿನ್ನೇ ಹೋಗಿದೆ ಅಂತ ಹೇಳುತ್ತಿದ್ದೆ. ಆದರೆ ಆಡಿದ ಮಾತಿಗೆ ಎಲ್ಲರೂ ಕಟ್ಟುಬಿದ್ದರು. ಆದಿರಾಜಣ್ಣನಿಗೆ ಮಾತು ಬಂದ ಮೇಲೆ ಅವರೂ ಅಕ್ಕನ ಹತ್ತಿರ ಅದನ್ನೇ ಹೇಳತೊಡಗಿದರು. ಪ್ರತಿ ವಾರ ಫೋನು, ಪ್ರತಿ ವಾರ ಬ್ರೇಕು.

"ನಾನು ಕರ್ಕೊಂಡು ಹೋಗ್ತೇನೆ, ನನ್ನ ಕಾರಲ್ಲಿ ಹೋಗುವ," ಅಂತ ನಾನು ಎಷ್ಟೋ ಸಲ ಹೇಳಿದೆ.

"ಹೋಗಿ? ಅಕ್ಕನ ಎದುರು ಕಾಲೆಳೆದುಕೊಂಡು ನಡೆಯುವುದಾ? ಅವಳು ಭಾವನನ್ನು ನೋಡಿದವಳು ಮಾರಾಯ. ನಾನು ಎರಡು ಹೆಜ್ಜೆ ಇಟ್ರೆ ಸಾಕು, ಅವಳು ಅಲ್ಲೇ ಕೂತುಬಿಡ್ತಾಳೆ."

ಅವರದ್ದೇ ಒಂದು ಯೋಜನೆಯಿತ್ತು. ತಾನೇ ಕಾರು ಓಡಿಸಿಕೊಂಡು ಸೀದಾ ನೆರಿಯದ ಮನೆಯ ಅಂಗಳಕ್ಕೆ ಹೋಗುವುದು. ಇಳಿಯಲಿಕ್ಕಿಲ್ಲ. ಅವಸರ ಉಂಟು, ಧರ್ಮಸ್ಥಳದಲ್ಲಿ ಯಾರೋ ಕಾಯುತ್ತಿದ್ದಾರೆ ಅಂತ ಹೇಳುವುದು. ಅಕ್ಕ ಕಾರಿನ ಹತ್ತಿರ ಬರುತ್ತಾಳೆ, ಕಿಟಕಿಯಲ್ಲಿ ಮುಖ ನೋಡುತ್ತಾಳೆ, ನಾಲ್ಕು ಬೈಯುತ್ತಾಳೆ. ಸೀಟಿನಲ್ಲಿ ಕೂತವನ ಕಾಲು ಯಾರಿಗೆ ಕಾಣುತ್ತದೆ? ಹತ್ತು ನಿಮಿಷ ಮಾತಾಡಿ ತಿರುಗಿಸಿಕೊಂಡು ಬರುವುದು. ಇದನ್ನು ಅವರು ನನ್ನಲ್ಲಿ ಎಷ್ಟು ಸಲ ಬಿಡಿಸಿ ಹೇಳಿದರೆಂದರೆ, ಕೊನೆಗೆ ನನಗೂ ಅದು ಒಂದು ಬುದ್ಧಿವಂತಿಕೆಯ ಕೆಲಸ ಅಂತ ಅನ್ನಿಸತೊಡಗಿತು. ಇಬ್ಬರು ಮುದುಕರು ಸೇರಿದರೆ ಹೀಗೇ, ಯಾರಾದರೊಬ್ಬರು ಬೇಡ ಅನ್ನಬೇಕಲ್ಲ.

ಒಂದೇ ಅಡ್ಡಿ. ಆ ಕಬ್ಬಿಣದಂಥ ಬ್ರೇಕನ್ನು ತುಳಿಯಲು ಆ ಕಾಲಿಗೆ ಬಲವಿಲ್ಲ.

"ಬ್ರೇಕು ಹಗುರ ಮಾಡ್ಲಿಕ್ಕೆ ಆಗ್ತದಾ?" ಅಂತ ಕೇಳಿದರು.

"ಆಗದೆ ಎಂತ," ಅಂದೆ. ಮೂವತ್ತು ವರ್ಷದ ಸೊಕ್ಕು ನೋಡಿ. "ಬೂಸ್ಟರ್ ಕೂರಿಸುವ. ಪವರ್ ಬ್ರೇಕ್ ಆಗ್ತದೆ."

ಬೂಸ್ಟರ್ ಎಂದರೆ ದೋಸೆಯ ಕಾವಲಿಯಷ್ಟು ಅಗಲದ ಒಂದು ಕಪ್ಪು ಡಬ್ಬಿ. ಬ್ರೇಕಿನ ಪೆಡಲಿಗೂ, ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೂ ನಡುವೆ ಅದು ಕೂರುತ್ತದೆ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಲವನ್ನು ಒಂದು ರಬ್ಬರ್ ಪೈಪಿನಲ್ಲಿ ಈ ಡಬ್ಬಿಗೆ ಕೊಟ್ಟರೆ, ನಾವು ಒಂದು ಪಾಲು ತುಳಿದದ್ದನ್ನು ಅದು ಮೂರು ಪಾಲು ಮಾಡುತ್ತದೆ. ಹೊಸ ಕಾರುಗಳಲ್ಲಿ ಹುಟ್ಟುವಾಗಲೇ ಇರುತ್ತದೆ. ಹಳೆಯದಕ್ಕೆ ಕೂರಿಸುವುದು ಕೈಕೆಲಸ, ತಿಳಿದವರೇ ಬೇಕು.

ತಿಳಿದವರು ಎಂದರೆ ಗುರುವಾಯನಕೆರೆಯ ಲಿಗೋರಿ ಪೊರ್ಬು. ಪೊರ್ಬು ಎಂದರೆ ನಮ್ಮಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಮಾತು. ಅಲ್ಲಿ ಅವರದ್ದೊಂದು ತಗಡು ಮಾಡಿನ ಗ್ಯಾರೇಜು. ಮಾತು ಕಡಿಮೆ. ಆದಿರಾಜಣ್ಣನ ಕಾಲು ನೋಡಿ, "ಧಣಿಗಳೇ, ಓಡಿಸ್ಲಿಕ್ಕೆ ಡಾಕ್ಟ್ರು ಹೇಳಿದ್ದಾರಾ?" ಅಂತ ಕೇಳಿದರು.

"ಡಾಕ್ಟ್ರಿಗೆ ಅಂಬಾಸಿಡರ್ ಗೊತ್ತುಂಟಾ?" ಅಂದರು ಆದಿರಾಜಣ್ಣ.

ಲಿಗೋರಿ ಪೊರ್ಬು ನನ್ನ ಮುಖ ನೋಡಿದರು. ನಾನು ಆಚೆ ತಿರುಗಿ ಬೇರೆ ಯಾವುದೋ ಕಾರಿನ ಬಂಪರ್ ನೋಡಿದೆ.

ಒಂದು ವಾರ ಹಿಡಿಯಿತು. ಕಬ್ಬಿಣದ ಪಟ್ಟಿ ಬೆಸೆದು, ಅದಕ್ಕೆ ಡಬ್ಬಿ ಕೂರಿಸಿ, ಪೈಪು ಎಳೆದು, ಎಣ್ಣೆಯೊಳಗಿನ ಗಾಳಿ ತೆಗೆದು ಇಂಜಿನ್ ಚಾಲು ಮಾಡಿದರು. ಆದಿರಾಜಣ್ಣ ಚಪ್ಪಲಿ ಕಳಚಿ ಒಳಗೆ ಕೂತು, ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಪೆಡಲಿನ ಮೇಲಿಟ್ಟು ಒತ್ತಿದರು. ಪೆಡಲು ಇಳಿಯಿತು. ಆ ಮುಖವನ್ನು ನೀವು ನೋಡಬೇಕಿತ್ತು. ಆರು ತಿಂಗಳಲ್ಲಿ ಮೊದಲ ಸಲ ಆ ಕಾಲು ಹೇಳಿದ ಕೆಲಸ ಮಾಡಿತ್ತು. ನಾನು ಸುಮ್ಮನೆ ಕೆಮ್ಮಿದೆ.

ಮೊದಲ ಓಟ ಅವರ ಮನೆಯ ತನಕ. ಅವರು ಮುಂದೆ, ಹಿಂದೆ ನನ್ನ ಕಾರಿನಲ್ಲಿ ನಾನೂ ಲಿಗೋರಿ ಪೊರ್ಬುವೂ. ವೇಣೂರು ದಾಟಿದ್ದೇ ಅಂಬಾಸಿಡರ್ ಮುಕ್ಕರಿಯತೊಡಗಿತು. ಹಿಂದಿನ ಕೆಂಪು ದೀಪ ಹೊತ್ತಿದ್ದು ಆರಲೇ ಇಲ್ಲ. ಚಕ್ರದಿಂದ ಹೊಗೆ, ಆ ವಾಸನೆ. ನಿಲ್ಲಿಸಿ ಇಳಿದು ನೋಡಿದರೆ ನಾಲ್ಕೂ ಡ್ರಮ್ಮು ಕೈ ಇಡಲಿಕ್ಕಾಗದಷ್ಟು ಬಿಸಿ. ಬ್ರೇಕು ಹಿಡಿದೇ ಉಳಿದಿದೆ, ಬಿಡುತ್ತಿಲ್ಲ. ಆದರೆ ಜಾಕ್ ಕೊಟ್ಟು ಚಕ್ರ ಎತ್ತಿದರೆ ಸರಾಗ ತಿರುಗಿತು. ಜ್ವರ ಅಂತ ಕರೆದುಕೊಂಡು ಹೋದ ಮಗು ಡಾಕ್ಟರ ಎದುರು ಓಡಾಡಿದ ಹಾಗೆ.

ತಣಿಯುವ ತನಕ ಕಾಯಬೇಕು ಅಂದರು ಪೊರ್ಬು. ರಸ್ತೆ ಬದಿಯಲ್ಲಿ ಕೂತೆವು. ನನಗೆ ಹಸಿವೆ ತಡೆಯುವುದಿಲ್ಲ, ಹತ್ತಿರದ ಹೋಟೆಲಿನಿಂದ ಗೋಳಿಬಜೆ ಕಟ್ಟಿಸಿ ತಂದೆ. ನಾನು ಪೊಟ್ಟಣ ಬಿಚ್ಚುವಾಗ ಸೂರ್ಯ ಆಚೆ ಇಳಿಯುತ್ತಿದ್ದ. "ಒಂದು ತಿನ್ನಿ, ಇನ್ನೂ ಹೊತ್ತುಂಟು," ಅಂದೆ. ಅವರು ಆಕಾಶ ನೋಡಿ, ಇಲ್ಲ ಎಂದು ತಲೆಯಾಡಿಸಿದರು. ನಾನು ಆರೂ ಗೋಳಿಬಜೆ ತಿಂದೆ. ಅವರು ಮನೆಗೆ ಮುಟ್ಟಿದಾಗ ಸುನಂದಕ್ಕ ಊಟಕ್ಕೆ ಕರೆಯಲಿಲ್ಲ. ಗಡಿಯಾರ ನೋಡಿಯೇ ಅವರಿಗೆ ಕಾರು ಕೈಕೊಟ್ಟದ್ದು ಗೊತ್ತಾಗಿತ್ತು.

ಮರುದಿನ ಲಿಗೋರಿ ಪೊರ್ಬು ಬಂದು ಕಾರನ್ನು ವಾಪಸು ತೆಗೆದುಕೊಂಡು ಹೋದರು. ಅವರು ಓಡಿಸಿದರೆ ಚಕ್ರ ತಣ್ಣಗೆ. ಆದರೂ ಬೂಸ್ಟರಿನ ಒಳಗಿನ ಕಡ್ಡಿ ಉದ್ದವಾಗಿರಬೇಕು ಅಂತ ಅವರ ತರ್ಕ. ಕಡ್ಡಿ ಒಂದು ಎಳೆ ಉದ್ದವಾದರೂ ಅದು ಮಾಸ್ಟರ್ ಸಿಲಿಂಡರನ್ನು ಸದಾ ಒತ್ತಿಕೊಂಡೇ ಇರುತ್ತದೆ, ಎಣ್ಣೆ ಹಿಂದಕ್ಕೆ ಬರುವುದಿಲ್ಲ. ಅಳೆಯಲಿಕ್ಕೆ ಅವರ ಉಪಾಯ ನೋಡಿ. ಪಕ್ಕದ ಹೋಟೆಲಿನಿಂದ ಪರೋಟದ ಹಿಟ್ಟು ಒಂದು ಸಣ್ಣ ಉಂಡೆ ತರಿಸಿ, ಕಡ್ಡಿಯ ತುದಿಗೆ ಅಂಟಿಸಿ, ಸಿಲಿಂಡರ್ ಕೂರಿಸಿ ಬಿಗಿದು ಮತ್ತೆ ಬಿಚ್ಚಿದರು. ಹಿಟ್ಟು ಎಷ್ಟು ಚಪ್ಪಟೆಯಾಗಿದೆ ಎಂದು ನೋಡಿದರೆ ಎಡೆ ಎಷ್ಟುಂಟು ಎಂದು ಗೊತ್ತಾಗುತ್ತದೆ. ಕಡ್ಡಿಯನ್ನು ಅರದಲ್ಲಿ ಉಜ್ಜಿ ಸಣ್ಣದು ಮಾಡಿದರು. ತಾನೇ ಬೆಳ್ತಂಗಡಿಗೆ ಹೋಗಿ ಬಂದರು. ಚಕ್ರ ತಣ್ಣಗೆ. ಆದಿರಾಜಣ್ಣ ಕೂತು ಹೊರಟರು. ವೇಣೂರಿನ ಹತ್ತಿರ ಮತ್ತೆ ಹೊಗೆ.

ಆಮೇಲೆ ರಬ್ಬರ್ ಪೈಪು ಬದಲಿಸಿದೆವು. ಪೈಪಿನ ವಾಲ್ವು ಬದಲಿಸಿದೆವು. ಬೂಸ್ಟರನ್ನೇ ಬದಲಿಸಿದೆವು. ಪ್ರತಿ ಸಲವೂ ಪೊರ್ಬು ಓಡಿಸಿದರೆ ಏನೂ ಇಲ್ಲ, ಆದಿರಾಜಣ್ಣ ಓಡಿಸಿದರೆ ವಾಸನೆ. ಈಗ ಹೇಳುವಾಗ ನಿಮಗೆ ಕೂಡಲೇ ಗೊತ್ತಾಗುತ್ತದೆ. ನಮಗೆ ಗೊತ್ತಾಗಲಿಲ್ಲ. ಕಾರು ಹಾಳಾಗಿದೆ ಎಂದು ನೆರಿಯಕ್ಕೆ ಹೇಳಿ ಹೇಳಿ, ಕಾರು ಹಾಳಾಗಿದೆ ಎಂದು ನಾವೇ ನಂಬಿಬಿಟ್ಟಿದ್ದೆವು.

ಒಂದು ದಿನ ಗ್ಯಾರೇಜಿನಲ್ಲಿರುವಾಗಲೇ ಅಕ್ಕನ ಫೋನು ಬಂತು. ಅಕ್ಕನಿಗೆ ಕಿವಿ ಮಂದ, ಜೋರಾಗಿ ಮಾತಾಡುತ್ತಿದ್ದರು, ನನಗೂ ಕೇಳಿಸಿತು.

"ಇನ್ನೂ ಆಗ್ಲಿಲ್ವಾ ನಿನ್ನ ಕಾರು?"

"ಆಗ್ತಾ ಉಂಟು ಅಕ್ಕ. ಇನ್ನೊಂದು ವಾರ."

"ಹಲಸಿನ ಹಪ್ಪಳ ಮಾಡಿಟ್ಟಿದ್ದೇನೆ. ಹುಳ ಹಿಡಿಯುವ ಮೊದಲು ಬಾ."

ಆದಿರಾಜಣ್ಣ ಫೋನಿಟ್ಟು, "ಕೇಳಿತಲ್ಲ?" ಅಂತ ನಮ್ಮಿಬ್ಬರನ್ನೂ ನೋಡಿ ನಕ್ಕರು.

ಅದಾಗಿ ಬಂದ ಶುಕ್ರವಾರ ಕೊನೆಯ ಓಟ. ಈ ಸಲ ನಾವೂ ಅದೇ ಕಾರಿನಲ್ಲಿ ಕೂರುವ, ಶಬ್ದ ಎಲ್ಲಿಂದ ಬರುತ್ತದೆಂದು ಕೇಳುವ ಅಂದರು ಪೊರ್ಬು. ಅವರು ಹಿಂದಿನ ಸೀಟಿನಲ್ಲಿ, ತಲೆ ಕಿಟಕಿಯ ಹೊರಗೆ, ಕಿವಿ ಚಕ್ರದ ಕಡೆ. ನಾನು ಆದಿರಾಜಣ್ಣನ ಪಕ್ಕ. ಗುರುವಾಯನಕೆರೆ ಬಿಟ್ಟು ಮೂರು ನಾಲ್ಕು ಮೈಲು ಹೋಗಿರಬಹುದು, ಒಂದು ಹೊಂಡಕ್ಕೆ ಚಕ್ರ ಇಳಿದು ನನ್ನ ಕಿಸೆಯ ಕನ್ನಡಕ ಕೆಳಗೆ ಬಿತ್ತು. ಹೊಟ್ಟೆ ಮಡಚಿಕೊಂಡು ಹೇಗೋ ಬಗ್ಗಿದೆ. ಆಗ ಕಂಡಿತು.

ಅವರ ಬಲಪಾದ ಒಳಕ್ಕೆ ತಿರುಗಿತ್ತು. ಹಿಮ್ಮಡಿ ಬಲಕ್ಕೆ, ಬೆರಳುಗಳು ಎಡಕ್ಕೆ. ಪಾದದ ಅರ್ಧ ಆಕ್ಸಿಲರೇಟರಿನ ಮೇಲೆ, ಇನ್ನರ್ಧ ಬ್ರೇಕಿನ ಮೇಲೆ. ಅವರು ವೇಗ ಕೊಟ್ಟಾಗಲೆಲ್ಲ ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ಅವರಿಗೆ ಅದು ಗೊತ್ತೇ ಇಲ್ಲ, ಆ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಮೊದಲಿನ ಗಟ್ಟಿ ಬ್ರೇಕಾದರೆ ಅಷ್ಟು ಭಾರಕ್ಕೆ ಜಗ್ಗುತ್ತಿರಲಿಲ್ಲ. ಈಗ ಸುಮ್ಮನೆ ಬಿದ್ದ ಪಾದದ ಭಾರವೇ ಸಾಕಾಗುತ್ತಿತ್ತು. ನಾವು ಕೂರಿಸಿದ ಡಬ್ಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಡ್ಡಿ, ಪೈಪು, ವಾಲ್ವು ಎಲ್ಲ ಮೊದಲ ದಿನದಿಂದಲೂ ಸರಿಯಿದ್ದವು.

"ಕನ್ನಡಕ ಸಿಕ್ಕಿತಾ?" ಅಂತ ಕೇಳಿದರು, ರಸ್ತೆಯಿಂದ ಕಣ್ಣು ತೆಗೆಯದೆ.

"ಸಿಕ್ಕಿತು," ಅಂದೆ. ಎದ್ದು ಕೂತೆ. ನನಗೆ ಹೆದರಿಕೆಯಾಗಿತ್ತು. ಈ ಕಾಲಿನಿಂದ ನಾವು ಮೂವರು ರಸ್ತೆಯಲ್ಲಿದ್ದೇವೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಇದನ್ನು ನಾನು ಇವರಿಗೆ ಹೇಳಬೇಕಲ್ಲ ಎಂಬುದು.

ವೇಣೂರಿನಲ್ಲಿ ನಿಲ್ಲಿಸಿದೆವು. ವಾಸನೆ ಬಂದಿತ್ತು. ಲಿಗೋರಿ ಪೊರ್ಬು ಇಳಿದು, ಡ್ರಮ್ಮು ಮುಟ್ಟಿ, ಸೋತುಹೋದ ಮುಖದಲ್ಲಿ ನನ್ನನ್ನು ನೋಡಿದರು. "ಇನ್ನು ಎಂತ ಬಾಕಿ ಉಂಟು ಶೆಟ್ರೇ?"

ಆದಿರಾಜಣ್ಣನೂ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ನಂಬಿಕೆಯಿತ್ತು. ಅದು ನನ್ನ ಅಂಗಡಿಯ ಮೇಲೆ ಇಟ್ಟ ನಂಬಿಕೆ. ನಾನು ಹೇಳಬೇಕಾದದ್ದು ಒಂದೇ ಮಾತು, ಆದಿರಾಜಣ್ಣ, ದೋಷ ಕಾರಿನದ್ದಲ್ಲ. ಬಾಯಿ ತೆರೆದೆ. ಬಂದದ್ದು ಬೇರೆ.

"ಮಾಸ್ಟರ್ ಸಿಲಿಂಡರ್ ಬದಲಿಸಿ ನೋಡುವ. ಆ ಮಾದರಿಯದ್ದು ಇಲ್ಲಿ ಇಲ್ಲ. ಹೊರಗಿನಿಂದ ತರಿಸ್ಬೇಕು, ಹದಿನೈದು ದಿವಸ ಆಗ್ತದೆ. ಅಷ್ಟರವರೆಗೆ ಕಾರು ಮುಟ್ಟುವುದು ಬೇಡ."

ಆ ಮಾದರಿಯ ಮಾಸ್ಟರ್ ಸಿಲಿಂಡರ್ ನನ್ನ ಅಂಗಡಿಯಲ್ಲೇ ಇತ್ತು. ಮೇಲಿನ ಅಟ್ಟದಲ್ಲಿ, ಪೆಟ್ಟಿಗೆ ಒಡೆಯದೆ.

ನೀವು ಕೇಳಬಹುದು, ಯಾಕೆ ಹಾಗೆ ಹೇಳಿದೆ ಅಂತ. ಹದಿನೈದು ದಿನದಲ್ಲಿ ಕಾಲು ಸ್ವಲ್ಪ ಸುಧಾರಿಸಬಹುದು ಎಂದುಕೊಂಡೆ, ವ್ಯಾಯಾಮ ಮಾಡುತ್ತಿದ್ದರಲ್ಲ. ಸುನಂದಕ್ಕನ ಹತ್ತಿರ ಹೇಳಿ ಅವರಿಂದ ಹೇಳಿಸುವ ಎಂದುಕೊಂಡೆ. ಅವರ ಮನಸ್ಸು ನೋಯಿಸಬಾರದು ಎಂದುಕೊಂಡೆ. ಇವೆಲ್ಲ ಆಮೇಲೆ ಹುಡುಕಿದ ಕಾರಣಗಳು. ನಿಜ ಏನೆಂದರೆ ಆ ಮುಖದ ಎದುರು ಆ ಮಾತು ಹೇಳುವ ಧೈರ್ಯ ನನಗಿರಲಿಲ್ಲ, ಹದಿನೈದು ದಿವಸ ತಪ್ಪಿಸಿಕೊಂಡೆ, ಅಷ್ಟೆ. ಅವತ್ತು ಪೊರ್ಬು ಕಾರನ್ನು ಆದಿರಾಜಣ್ಣನ ಮನೆಯ ಶೆಡ್ಡಿಗೆ ಮುಟ್ಟಿಸಿ ಅದರ ಬೀಗದ ಕೈಯನ್ನು ನನಗೆ ಕೊಟ್ಟರು. ಆದಿರಾಜಣ್ಣ ಅಕ್ಕನಿಗೆ ಫೋನು ಮಾಡಿ, ಇನ್ನು ಹದಿನೈದೇ ದಿವಸ ಅಂದರಂತೆ.

ಹದಿಮೂರನೆಯ ದಿನ, ಗುರುವಾರ ಬೆಳಿಗ್ಗೆ ಅವರದ್ದೇ ಫೋನು. "ನಿನ್ನ ಕಾರು ತಾ. ಅಕ್ಕ ಹೋದಳು."

ಹೋದೆವು. ಅವರು ಮುಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದರು. ನನ್ನ ಕಾರಿನಲ್ಲಿ ಮೂಡುಬಿದಿರೆಯಿಂದ ನೆರಿಯಕ್ಕೆ ಎರಡು ಗಂಟೆಯೂ ಬೇಕಾಗಲಿಲ್ಲ. ಅಂಗಳದಲ್ಲಿ ಜನ ಸೇರಿದ್ದರು. ಆದಿರಾಜಣ್ಣ ನನ್ನ ಹೆಗಲು ಹಿಡಿದು ಇಳಿದು, ಎಲ್ಲರ ಎದುರು, ಕಾಲೆಳೆದುಕೊಂಡೇ ನಡೆದರು. ಯಾರಿಂದ ಅದನ್ನು ಮುಚ್ಚಿಡಬೇಕಿತ್ತೋ ಅವಳಿಗೆ ಈಗ ಕಾಣುತ್ತಿರಲಿಲ್ಲ.

ಅಕ್ಕನ ಸೊಸೆ ಬಾಗಿಲಲ್ಲಿ ನಿಂತಿದ್ದರು. ಅತ್ತು ಅತ್ತು ಸೋತ ಹೆಂಗಸು. ಆದಿರಾಜಣ್ಣನ ಮುಖ ಕಂಡದ್ದೇ ಒಳಗಿದ್ದದ್ದೆಲ್ಲ ಹೊರಗೆ ಬಂತು.

"ಮೊನ್ನೆ ಆದಿತ್ಯವಾರವೂ ಅತ್ತೆ ಗೇಟಿನ ತನಕ ಹೋಗಿ ನೋಡಿ ಬಂದ್ರು ಮಾವ. ಕಾರಿಲ್ಲದಿದ್ರೆ ಬಸ್ಸಿಲ್ಲವಾ ಅವನಿಗೆ ಅಂತ ಕೇಳ್ತಿದ್ರು. ಅಕ್ಕನಿಗಿಂತ ಕಾರೇ ದೊಡ್ಡದಾಯ್ತು ಅವನಿಗೆ, ಅಂದ್ರು. ನೀವು ಒಂದು ಸಲ, ಒಂದೇ ಒಂದು ಸಲ..." ಅಷ್ಟರಲ್ಲಿ ಅವರ ಕಣ್ಣು ಆ ಕಾಲಿನ ಮೇಲೆ ಬಿತ್ತು. "ಇದು ಯಾವಾಗ ಆದದ್ದು ಮಾವ?"

ಆದಿರಾಜಣ್ಣ ಒಳಗೆ ಹೋಗಿ ಅಕ್ಕನ ಕಾಲ ಹತ್ತಿರ ಕೂತರು. ಕೂರಲಿಕ್ಕೂ ಅವರಿಗೆ ಇಬ್ಬರು ಹಿಡಿಯಬೇಕಾಯಿತು. ನಾನು ಅಂಗಳದ ಮೂಲೆಯಲ್ಲಿ ನಿಂತೆ. ಅಕ್ಕನಿಗೆ ಸಂಕಟವಾಗಬಾರದು ಅಂತ ಇಷ್ಟೆಲ್ಲ ಮಾಡಿದೆವು, ಮತ್ತೆ ಅವರು ಹೋದದ್ದು ತಮ್ಮನ ಮೇಲೆ ಮುನಿಸಿಕೊಂಡು. ಅವರನ್ನು ನಾನು ಒಮ್ಮೆಯೂ ಮುಖ ಕೊಟ್ಟು ಮಾತಾಡಿಸಿದವನಲ್ಲ. ಆದರೂ ಅವತ್ತು ನಾನು ಅತ್ತುಬಿಟ್ಟೆ.

ವಾಪಸು ಬರುವಾಗ ಬೆಳ್ತಂಗಡಿ ಪೇಟೆ ದಾಟಿದ ಮೇಲೆ ಒಂದೇ ಮಾತು ಅಂದರು. "ಆ ಸಾಮಾನು ಇನ್ನು ತರಿಸ್ಬೇಡ."

ಅದಾಗಿ ಒಂದು ವರ್ಷ. ಅವರು ಕಾರಿನ ಸುದ್ದಿಯೇ ಎತ್ತಲಿಲ್ಲ. ನಾನು ತಿಂಗಳಿಗೆರಡು ಸಲ, ನನ್ನ ಕಾರು ಮನೆಯಲ್ಲೇ ಬಿಟ್ಟು, ಬಸ್ಸಿನಲ್ಲಿ ಅವರ ಮನೆಗೆ ಹೋಗಿ ಚಾವಡಿಯಲ್ಲಿ ಕೂತು, ಅವರ ಪೇಪರು ಓದಿ, ಹೊತ್ತು ಮುಳುಗುವ ಮೊದಲು ಅವರ ಜೊತೆ ಊಟ ಮಾಡಿ ಬರುತ್ತೇನೆ. ನನ್ನ ಜೀವಮಾನದಲ್ಲಿ ಅಷ್ಟು ಬೇಗ ಉಂಡವನಲ್ಲ, ಬಸ್ಸಿಳಿಯುವಾಗ ಪುನಃ ಹಸಿವಾಗುತ್ತದೆ. ಆದರೂ ಉಣ್ಣುತ್ತೇನೆ. ಪ್ರತಿ ಸಲವೂ ಹೋಗುವಾಗ ಇವತ್ತು ಹೇಳಬೇಕು ಅಂದುಕೊಳ್ಳುತ್ತೇನೆ, ಪ್ರತಿ ಸಲವೂ ಸುನಂದಕ್ಕನ ಸಾರು ಹೊಗಳಿ ಬರುತ್ತೇನೆ.

ಇವತ್ತು ಆ ಲಾರಿಯ ವಾಸನೆ ಮೂಗಿಗೆ ಬಡಿದ ಮೇಲೆ ಇನ್ನು ಆಗಲಿಕ್ಕಿಲ್ಲ ಅನ್ನಿಸಿತು. ನಾನು ಹೋದಾಗ ಅವರು ಚಾವಡಿಯಲ್ಲಿ ಕೂತು ಎಡಗೈಯಲ್ಲಿ ಬಲಗಾಲು ನೀವಿಕೊಳ್ಳುತ್ತಿದ್ದರು. ಕೂತದ್ದೇ ಹೇಳಿದೆ. ಕನ್ನಡಕ ಬಿದ್ದದ್ದು, ಪಾದ ಎರಡೂ ಪೆಡಲಿನ ಮೇಲಿದ್ದದ್ದು, ಕಾರಿನಲ್ಲಿ ದೋಷವೇ ಇಲ್ಲದ್ದು, ಸಾಮಾನು ನನ್ನ ಅಟ್ಟದಲ್ಲೇ ಇದ್ದದ್ದು. ಎಲ್ಲ. ನಾನು ನಿಲ್ಲಿಸಿದ ಮೇಲೂ ಅವರು ಕಾಲು ನೀವುತ್ತಲೇ ಇದ್ದರು.

"ಅವತ್ತು ಕನ್ನಡಕ ಬಿದ್ದದ್ದು ಯಾವ ವಾರ?"

"ಶುಕ್ರವಾರ."

"ಅಕ್ಕ ಹೋದದ್ದು ಗುರುವಾರ. ಮರುವಾರ ಅಲ್ಲ, ಅದರ ಮತ್ತಿನದ್ದು." ಬೆರಳು ಮಡಚಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. "ಹಾಗಾದ್ರೆ ನಡುವೆ ಎರಡು ಆದಿತ್ಯವಾರ ಇತ್ತು."

ಇತ್ತು. ನೀನು ಅವತ್ತೇ ಹೇಳಿದ್ದರೆ ನಾನು ನಾಚಿಕೆ ಬಿಟ್ಟು ನಿನ್ನ ಕಾರಿನಲ್ಲೇ ಹೋಗುತ್ತಿದ್ದೆ ಅಂತ ಅವರು ಅನ್ನಲಿಲ್ಲ. ಅನ್ನುವ ಅಗತ್ಯವಿರಲಿಲ್ಲ. ಬೈದರೆ ಬೈಸಿಕೊಳ್ಳುವ ಅಂತ ಕಾದು ಕೂತಿದ್ದೆ, ಬೈಯಲೂ ಇಲ್ಲ. ನನಗೆ ಅವರ ಮುಖ ನೋಡಲಿಕ್ಕಾಗಲಿಲ್ಲ.

ಒಳಗಿನಿಂದ ಸುನಂದಕ್ಕ ಕರೆದರು. "ಹೊತ್ತಾಯ್ತು, ಬಡಿಸಿದ್ದೇನೆ. ಇಬ್ರೂ ಬನ್ನಿ."

ಅವರು ಕೋಲು ಊರಿ ಎದ್ದರು. ಅಭ್ಯಾಸಬಲದಿಂದ ನಾನೂ ಎದ್ದೆ. ಹೊಸ್ತಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ಇವತ್ತು ನೀನು ಹೋಗು," ಅಂದರು.

ನಾನು ಮೆಟ್ಟಿಲು ಇಳಿದೆ. ಚಪ್ಪಲಿ ಹಾಕುವಾಗ ಹಿಂದಿನಿಂದ ಇನ್ನೊಂದು ಮಾತು ಕೇಳಿಸಿತು. "ನಾಳೆ ಬಾ."

ಬೈಯಲಿಕ್ಕೆ ಕರೆದದ್ದೋ, ಬೈಯದೆ ಸುಮ್ಮನೆ ಎದುರು ಕೂರಿಸಿಕೊಳ್ಳಲಿಕ್ಕೆ ಕರೆದದ್ದೋ ನನಗೆ ಗೊತ್ತಿಲ್ಲ. ಎರಡರಲ್ಲಿ ಯಾವುದನ್ನೂ ತಾಳಿಕೊಳ್ಳುವ ಧೈರ್ಯ ನನಗಿಲ್ಲ ಎಂಬುದು ಮಾತ್ರ ಗೊತ್ತು. ಆದರೂ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗುತ್ತೇನೆ. ಆ ಮನುಷ್ಯನನ್ನು ಇನ್ನೊಂದು ದಿವಸ ಕಾಯಿಸುವ ಹಕ್ಕು ನನಗೆ ಉಳಿದಿಲ್ಲ.